ಅಗ್ಗದ ಗಣಕ ಹುಡುಕಿಕೊಂಡ ದಾರಿ: ಇಸಿಐಎಲ್ ಕ್ರಾಸ್‌ರೋಡ್ಸ್‌ನಿಂದ ಪಾರ್ಕ್‌ಲೇನ್ ತನಕ

ಸಿಕಂದರಾಬಾದ್ ಸ್ಟೇಷನ್ನಿನ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ‘ಇಸಿಐಎಲ್, ಇಸಿಐಎಲ್’ ಎಂದು ಕೂಗುವ ಕಂಡಕ್ಟರು, ಓಡಿ ಬಂದು ಹತ್ತುವ ಜನ. ಅವರಲ್ಲಿ ಹೆಚ್ಚಿನವರಿಗೆ ಅದು ಒಂದು ಬಸ್‌ಸ್ಟಾಪಿನ ಹೆಸರು, ಅಷ್ಟೆ. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಲಿಮಿಟೆಡ್ ಎಂಬ ಉದ್ದ ಹೆಸರು ಕಂಡಕ್ಟರ ಬಾಯಲ್ಲಿ ಸವೆದು ಸವೆದು ನಾಲ್ಕಕ್ಷರಕ್ಕೆ ನಿಂತಿದೆ. ಆದರೆ ನಮ್ಮ ದೇಶದಲ್ಲೇ ಗಣಕಯಂತ್ರ ತಯಾರಿಸಿ ಮಾರುವ ಕೆಲಸ ಮೊದಮೊದಲು ನಡೆದದ್ದು ಆ ಬಸ್ಸು ಹೋಗಿ ನಿಲ್ಲುವ ಜಾಗದ ಆಸುಪಾಸಿನಲ್ಲೇ.

ಹಿಂದೊಮ್ಮೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಮಲ್ಕಾಜ್‌ಗಿರಿಯಿಂದ ಒಬ್ಬ ಕೇಳುಗರು ಪತ್ರ ಬರೆದು, ‘ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ, ಲ್ಯಾಪ್‌ಟಾಪು ಯಾವಾಗಿಂದ ಇಷ್ಟು ಅಗ್ಗವಾಯಿತು ಸ್ವಾಮಿ, ನಮ್ಮ ಕಾಲದಲ್ಲಿ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲವಲ್ಲ’ ಎಂದು ಕೇಳಿದ್ದರು. ರೇಡಿಯೋದಲ್ಲಿ ಎರಡು ನಿಮಿಷ ಏನೋ ಹೇಳಿ ಮುಗಿಸಿದೆವು. ಆದರೆ ಆ ಪ್ರಶ್ನೆ ಎರಡು ನಿಮಿಷದ್ದಲ್ಲ. ಅದರಲ್ಲಿ ನಮ್ಮ ಬೆಂಗಳೂರಿನ ಕಥೆಯೂ ಇದೆ, ಈ ಊರಿನದ್ದೂ ಇದೆ. ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಇಸಿಐಎಲ್ ಹುಟ್ಟಿದ್ದು 1967ರ ಏಪ್ರಿಲ್‌ನಲ್ಲಿ, ಅಣುಶಕ್ತಿ ಇಲಾಖೆಯ ಕೂಸಾಗಿ. ಅದನ್ನು ಕಟ್ಟಿದವರು ಎ.ಎಸ್. ರಾವ್. ಎ.ಎಸ್. ರಾವ್ ನಗರದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡಿಗರು ಆ ಹೆಸರು ಯಾರದ್ದೆಂದು ಇನ್ನುಮುಂದೆ ಮಕ್ಕಳಿಗೆ ಹೇಳಬಹುದು. 1969ರಲ್ಲಿ ಟಿಡಿಸಿ-12 ಎಂಬ ಗಣಕ ತಯಾರಾಯಿತು. ಟಿಡಿಸಿ ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಬೇರು ಬಿಟ್ಟದ್ದರಿಂದ ಆ ಹೆಸರು. ಅದರ ಮುಂದಿನ ತಲೆಮಾರುಗಳಾದ ಟಿಡಿಸಿ-312, ಟಿಡಿಸಿ-316 ಯಂತ್ರಗಳು 1970ರ ದಶಕದಲ್ಲಿ ದೇಶದ ಪ್ರಯೋಗಾಲಯಗಳಿಗೂ ವಿಶ್ವವಿದ್ಯಾಲಯಗಳಿಗೂ ಹೋದವು. ಹೋದವು ಎಂದರೆ ಲಾರಿಯಲ್ಲಿ ಹೋದವು! ಬೀರುವಿನ ಗಾತ್ರದ ಯಂತ್ರ, ಅದಕ್ಕೊಂದು ತಣ್ಣಗಿನ ಕೋಣೆ, ಒಳಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು ಹೋಗಬೇಕು. ಮನುಷ್ಯ ಗಣಕದ ಬಳಿಗೆ ಹೋಗುತ್ತಿದ್ದ ಕಾಲ ಅದು. ಗಣಕ ಮನುಷ್ಯನ ಜೊತೆ ಬರುವುದು ಯಾರ ಕನಸಿನಲ್ಲೂ ಇರಲಿಲ್ಲ.

ಜೊತೆಗೆ ಬರುವ ಗಣಕವನ್ನು ಸಾಮಾನ್ಯ ಜನರಿಗೆ ಮಾರಿ ಗೆದ್ದ ಮೊದಲಿಗರಲ್ಲಿ ಒಬ್ಬನಿಗೆ ನಮ್ಮ ದಕ್ಷಿಣ ಭಾರತದ ನಂಟು ಇತ್ತೆಂದರೆ ನಿಮಗೆ ಆಶ್ಚರ್ಯವಾದೀತು. ಆಡಮ್ ಆಸ್ಬರ್ನ್ ಎಂಬಾತ ಹುಟ್ಟಿದ್ದು ಬ್ಯಾಂಕಾಕಿನಲ್ಲಿ, 1939ರಲ್ಲಿ. ಆದರೆ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತರು, ಅವರ ಬಗ್ಗೆ ಪುಸ್ತಕ ಬರೆದವರು. ಅರುಣಾಚಲದ ತಪ್ಪಲಿನಲ್ಲಿ ತಮಿಳು ಮಕ್ಕಳ ಜೊತೆ ಆಡಿ ಬೆಳೆದ ಈ ಹುಡುಗ ಮುಂದೆ ಅಮೆರಿಕಕ್ಕೆ ಹೋಗಿ, 1981ರ ಏಪ್ರಿಲ್‌ನಲ್ಲಿ ‘ಆಸ್ಬರ್ನ್-1’ ಎಂಬ ಯಂತ್ರವನ್ನು ಜಗತ್ತಿನ ಮುಂದಿಟ್ಟ. ಬೆಲೆ 1,795 ಡಾಲರು, ಆಗಿನ ಲೆಕ್ಕದಲ್ಲಿ ನಮ್ಮ 15,000 ರೂಪಾಯಿಯ ಆಸುಪಾಸು. ತೂಕ ಸುಮಾರು 11 ಕಿಲೋ. ಪರದೆ ಐದೇ ಇಂಚು. ಹೊಲಿಗೆ ಮಿಷನ್ನಿನ ಪೆಟ್ಟಿಗೆಯ ಹಾಗೆ ಹಿಡಿಕೆ ಹಿಡಿದು ಹೊರಬೇಕು. ಬ್ಯಾಟರಿ ಇಲ್ಲ, ಹೋದಲ್ಲಿ ಪ್ಲಗ್ ಹುಡುಕಬೇಕು. ಹಾಗಿದ್ದೂ ಜನ ಮುಗಿಬಿದ್ದು ಕೊಂಡರು.

ಆಸ್ಬರ್ನ್ ಕಂಪನಿ ಮುಳುಗಿದ್ದು 1983ರ ಸೆಪ್ಟೆಂಬರಿನಲ್ಲಿ. ಇದಕ್ಕಿಂತ ಒಳ್ಳೆಯ ಯಂತ್ರ ಬರಲಿದೆ ಎಂದು ಮೊದಲೇ ಡಂಗುರ ಸಾರಿದ್ದರಿಂದ, ಇರುವ ಯಂತ್ರವನ್ನು ಕೊಳ್ಳುವವರಿಲ್ಲದೆ ಹೋಯಿತು ಎನ್ನುವುದು ಜನಪ್ರಿಯ ವಿವರಣೆ. ಲೆಕ್ಕಪತ್ರ ಬಲ್ಲವರು ಬೇರೆ ಕಾರಣಗಳನ್ನೂ ಹೇಳುತ್ತಾರೆ. ಏನೇ ಇರಲಿ, ‘ವಸ್ತು ಕೈಗೆ ಬರುವ ಮೊದಲೇ ಸುದ್ದಿ ಬರುವುದು’ ಎಂಬ ಈ ಕಾಯಿಲೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ದೇಶದಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಆಸ್ಬರ್ನ್ ಕೊನೆಗೆ ಭಾರತಕ್ಕೇ ಮರಳಿ, 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡ.

ಅದೇ 1983ರಲ್ಲಿ ಟ್ಯಾಂಡಿ ಕಂಪನಿಯ ‘ಮಾಡೆಲ್ 100’ ಬಂತು. ಪರದೆಯಲ್ಲಿ ಎಂಟೇ ಸಾಲು, ಆದರೆ ನಾಲ್ಕು ಪೆನ್ಸಿಲ್ ಸೆಲ್ಲು ಹಾಕಿದರೆ ಇಪ್ಪತ್ತು ಗಂಟೆ ಓಡುತ್ತಿತ್ತು. ತೂಕ ಒಂದೂವರೆ ಕಿಲೋ ಒಳಗೆ. ಫೋನಿನ ತಂತಿಗೆ ಜೋಡಿಸಿ ಬರೆದದ್ದನ್ನು ಕಚೇರಿಗೆ ಕಳಿಸಬಹುದಿತ್ತು. ಅಮೆರಿಕದ ವರದಿಗಾರರು ಅದನ್ನು ಬಹಳ ಪ್ರೀತಿಸಿದರು. ಕಚೇರಿಗೆ ಹೋಗದೆ ಕಚೇರಿ ಕೆಲಸ ಮಾಡುವುದು ಅಲ್ಲಿಗೆ ನಿಜವಾಯಿತೆನ್ನಬಹುದು. ನಮ್ಮಲ್ಲಿ ಆಗ ಫೋನಿಗೇ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ!

ಇಲ್ಲಿ ಲ್ಯಾಪ್‌ಟಾಪು ದುಬಾರಿಯಾಗಿದ್ದಕ್ಕೆ ಸುಂಕವೂ ದೊಡ್ಡ ಕಾರಣ. 1997ರ ಮಾರ್ಚಿನಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು. ಅದರಂತೆ ಗಣಕಗಳ ಮೇಲಿನ ಆಮದು ಸುಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ನಡುವೆ 2004ರ ಜನವರಿಯಲ್ಲಿ, ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು ಎಂಬ ರಿಯಾಯಿತಿ ಸಿಕ್ಕಿತು. ಅಮೆರಿಕದ ಅಳಿಯಂದಿರಿಗೆ ಅತ್ತೆ ಮನೆಯಲ್ಲಿ ಮರ್ಯಾದೆ ಒಂದು ತೂಕ ಹೆಚ್ಚಿದ್ದು ಆಗಲೇ. ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಅನ್ನು 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದಾಗ, ಲ್ಯಾಪ್‌ಟಾಪು ಎಂದರೆ ಮ್ಯಾನೇಜರುಗಳ ಆಸ್ತಿ. ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಲ್ಯಾಪ್‌ಟಾಪು ಹಿಡಿದು ಓಡಾಡುವುದೇ ಪತ್ರಿಕೆಗಳಿಗೆ ಸುದ್ದಿಯಾಗಿತ್ತು. ಅಂದರೆ ಆ ವಸ್ತು ಎಷ್ಟು ಅಪರೂಪವಾಗಿತ್ತೆಂದು ನೀವೇ ಊಹಿಸಿ.

ಇನ್ನು ಬೆಂಗಳೂರಿನ ಕಥೆಗೆ ಬರೋಣ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಹೃದಯಕ್ಕೆ ಹತ್ತಿರದ ಭಾಗ ಇದೇ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ವಿಚಾರಸಂಕಿರಣ ನಡೆಯಿತು. ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನದಿಂದ ಏನು ಉಪಯೋಗ ಎಂಬುದು ಚರ್ಚೆಯ ವಿಷಯ. ಅಲ್ಲಿ ಹುಟ್ಟಿದ ಮಾತು, ‘ಓದು ಬರಹ ಬಾರದ ಹಳ್ಳಿಯವನೂ ಬಳಸಬಲ್ಲ ಒಂದು ಅಂಗೈಗಣಕ ಯಾಕೆ ಮಾಡಬಾರದು’ ಎಂಬುದು. ಇಂಥ ಮಾತುಗಳು ಸಾಮಾನ್ಯವಾಗಿ ಊಟದ ಹೊತ್ತಿಗೆ ಮರೆತುಹೋಗುತ್ತವೆ. ಇದು ಮರೆಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಸಂಗಡಿಗರ ಜೊತೆ ಕೈಜೋಡಿಸಿದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ಹುಟ್ಟಿತು. 2001ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ಮೊದಲ ಮಾದರಿ ಹೊರಬಂತು. ಸರಳ, ಅಗ್ಗ, ಹಲವು ಭಾಷೆಗಳ ಗಣಕ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಬೆಸೆದು ಇಟ್ಟ ಹೆಸರು ಸಿಂಪ್ಯೂಟರ್. ಗುರಿಯಿಟ್ಟುಕೊಂಡ ಬೆಲೆ 9,000 ರೂಪಾಯಿ.

ಒಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು, ಲಿನಕ್ಸ್ ತಂತ್ರಾಂಶ. ಕೀಲಿಮಣೆ ಇಲ್ಲ, ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿದರಾಯಿತು. ಆದರೆ ಜಾಣತನ ಇದ್ದದ್ದು ಇನ್ನೆರಡು ಕಡೆ.

ಒಂದು, ಅದರ ಸ್ಮಾರ್ಟ್ ಕಾರ್ಡ್ ಕಿಂಡಿ. 9,000 ರೂಪಾಯಿ ಕೂಡ ಒಬ್ಬ ಕೂಲಿಯವನಿಗೆ ದೊಡ್ಡ ಮೊತ್ತವೇ ಎಂಬುದು ಆ ಪ್ರಾಧ್ಯಾಪಕರಿಗೆ ಗೊತ್ತಿತ್ತು. ಹಾಗಾಗಿ ಯಂತ್ರ ಊರಿಗೊಂದು ಇರಲಿ, ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ. ಪ್ರತಿಯೊಬ್ಬರ ಹತ್ತಿರ ತಮ್ಮ ತಮ್ಮ ಕಾರ್ಡು ಮಾತ್ರ ಇರಲಿ. ಕಾರ್ಡು ತೂರಿಸಿದರೆ ಯಂತ್ರ ಅವರದ್ದಾಗುತ್ತದೆ, ತೆಗೆದರೆ ಮುಂದಿನವರದ್ದು. ಊರ ಬಾವಿ ಒಂದೇ, ಕೊಡ ಅವರವರದ್ದು ಎಂಬಂತೆ. ಅಗ್ಗ ಎಂಬ ಮಾತಿಗೆ ಇಂಥದೊಂದು ಅರ್ಥವನ್ನು ಅದಕ್ಕೆ ಮೊದಲು ಯಾರಾದರೂ ಇಷ್ಟು ಶ್ರದ್ಧೆಯಿಂದ ಕೊಟ್ಟಿದ್ದರೆಂದು ನನಗನ್ನಿಸುವುದಿಲ್ಲ.

ಇನ್ನೊಂದು, ಅದು ಮಾತಾಡುತ್ತಿತ್ತು. ‘ಧ್ವನಿ’ ಎಂಬ ತಂತ್ರಾಂಶ ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದು ಮೊದಮೊದಲು ಕಲಿತ ಭಾಷೆಗಳಲ್ಲಿ ಹಿಂದಿಯ ಜೊತೆ ಕನ್ನಡವೂ ಇತ್ತು. ಆ ಕಾಲ ಎಂಥದ್ದು ಗೊತ್ತೆ? ನಾವೆಲ್ಲ ಬರಹ ತಂತ್ರಾಂಶ ಹಾಕಿಕೊಂಡು, ಒಬ್ಬರು ಕಳಿಸಿದ ಕನ್ನಡ ಇನ್ನೊಬ್ಬರಿಗೆ ಕಾಣದೆ, ‘ಯಾವ ಫಾಂಟು ಸಾರ್, ನುಡಿಯೋ ಬರಹವೋ’ ಎಂದು ಫೋನು ಮಾಡಿ ಕೇಳುತ್ತಿದ್ದ ಕಾಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂದದ್ದು ಅದೇ 2001ರ ಕೊನೆಯಲ್ಲಿ. ಅಂಥ ಹೊತ್ತಿನಲ್ಲಿ ಅಂಗೈ ಅಗಲದ ಒಂದು ಪೆಟ್ಟಿಗೆ, ಅಕ್ಷರ ಬಾರದ ಅಜ್ಜಿಗೆ ಕನ್ನಡ ಓದಿ ಹೇಳುವುದೆಂದರೆ!

ಹೊರಗಿನವರೂ ಮೆಚ್ಚಿದರು. ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ 2001ರ ಗಣಕ ಲೋಕದ ಮುಖ್ಯ ಆವಿಷ್ಕಾರ ಯಾವುದೆಂದು ಬರೆಯುತ್ತ, ಆಪಲ್ ಮತ್ತು ಮೈಕ್ರೋಸಾಫ್ಟ್‌ಗಳನ್ನು ಬದಿಗಿಟ್ಟು ಸಿಂಪ್ಯೂಟರಿಗೆ ಮಣೆ ಹಾಕಿದರು. ಇಲ್ಲಿಯ ಪತ್ರಿಕೆಗಳಲ್ಲೂ ಅದೇ ಸುದ್ದಿ. ಅಂಗಡಿಗೆ ಹೋಗಿ ಕೇಳಿದರೆ ಮಾತ್ರ ಸಿಂಪ್ಯೂಟರು ಸಿಗುತ್ತಿರಲಿಲ್ಲ. ಆಸ್ಬರ್ನ್ ಕಾಯಿಲೆ!

ಹಣ ಹಾಕುವವರು ಸಿಗದೆ, ತಯಾರಿಸುವವರು ಸಿಗದೆ ಮೂರು ವರ್ಷ ಕಳೆಯಿತು. ಪ್ರಾಧ್ಯಾಪಕರು ಪಿಕೋಪೆಟಾ ಎಂಬ ಕಂಪನಿ ಕಟ್ಟಿಕೊಂಡು, ಬೆಂಗಳೂರಿನ ಬಿಇಎಲ್ ಜೊತೆ ಸೇರಿ 2004ರ ಮಾರ್ಚ್ 26ರಂದು ‘ಅಮಿಡಾ ಸಿಂಪ್ಯೂಟರ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಬೆಲೆ 9,950 ರೂಪಾಯಿಯಿಂದ ಶುರು. ಬಣ್ಣದ ಪರದೆ ಬೇಕೆಂದರೆ ಹತ್ತಿರ ಹತ್ತಿರ 20,000. ಕೈಯಲ್ಲಿ ಹಿಡಿದು ಓಲಾಡಿಸಿದರೆ ಅದಕ್ಕೆ ತಿಳಿಯುತ್ತಿತ್ತು, ಪುಟ ತಿರುಗುತ್ತಿತ್ತು. ಈ ಸೊಗಸನ್ನು ಐಫೋನಿನಲ್ಲಿ ಕಂಡು ಜಗತ್ತು ಬೆರಗಾದದ್ದು 2007ರಲ್ಲಿ.

ಆದರೆ ಮೂರು ವರ್ಷದಲ್ಲಿ ನೀರು ಬಹಳ ಹರಿದಿತ್ತು. 2003ರ ಮೇ ತಿಂಗಳಿಂದ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಫೋನು ಕೊಡತೊಡಗಿದರು. ಟಾರ್ಚು ಇರುವ ನೋಕಿಯಾ 1100 ಹಳ್ಳಿ ಹಳ್ಳಿಗೂ ನುಗ್ಗಿತು. ರೈತನಿಗೆ ಅಡಿಕೆ ಧಾರಣೆ, ತೊಗರಿ ಧಾರಣೆ ಬೇಕಿದ್ದರೆ ಪರದೆಯಲ್ಲಿ ನೋಡುವುದೇಕೆ, ಮಂಡಿಯ ಪರಿಚಯದವರಿಗೆ ಒಂದು ಫೋನು ಮಾಡಿದರೆ ಮುಗಿಯಿತು. 50,000 ಮಾರುವ ನಿರೀಕ್ಷೆ ಇತ್ತು. 2005ರ ತನಕ ಹೋದದ್ದು ಸುಮಾರು 4,000. ಕೊನೆಗೆ ಪಿಕೋಪೆಟಾವನ್ನು ಮುಂಬಯಿಯ ಜಿಯೋಡೆಸಿಕ್ ಕಂಪನಿ ಕೊಂಡಿತು. ಅಲ್ಲಿಗೆ ಆ ಕಥೆ ತಣ್ಣಗಾಯಿತು.

ಹಾಗೆಂದು ಸಿಂಪ್ಯೂಟರು ಕೆಲಸಕ್ಕೆ ಬರಲಿಲ್ಲ ಎಂದು ಬರೆದರೆ ಅನ್ಯಾಯವಾಗುತ್ತದೆ. ಮೈಸೂರಿನ ಸಂಘಮಿತ್ರ ಸಂಸ್ಥೆ ಸ್ವಸಹಾಯ ಸಂಘಗಳ ಸಾಲದ ಲೆಕ್ಕಕ್ಕೆ ಅದನ್ನು ಬಳಸಿತು. ಗೋವಾದಲ್ಲಿ ಗಣಿಯಿಂದ ಬಂದರಿಗೆ ಹೋಗುವ ಕಬ್ಬಿಣದ ಅದಿರಿನ ಲೆಕ್ಕಕ್ಕೆ ಬಳಕೆಯಾಯಿತು. ಕರ್ನಾಟಕ ಸರ್ಕಾರ ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಹಚ್ಚಿತು. ಭೂಮಿ ಯೋಜನೆ ನಿಮಗೆ ನೆನಪಿರಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಒಂದು ಪ್ರತಿ ಕೊಡತೊಡಗಿದ ಯೋಜನೆ. ತಾಲ್ಲೂಕು ಕಚೇರಿಯ ಗಣಕ ಕೂತಲ್ಲೇ ಕೂತಿರುತ್ತದೆ. ಆದರೆ ಯಾವ ಸರ್ವೆ ನಂಬರಿನಲ್ಲಿ ಜೋಳವಿದೆ, ಯಾವುದರಲ್ಲಿ ಕಡಲೆಯಿದೆ ಎಂದು ಗೊತ್ತಾಗಬೇಕಾದರೆ ಹೊಲದ ಬದುವಿನ ಮೇಲೆ ಯಾರಾದರೂ ನಡೆಯಲೇಬೇಕು. ಓಡಾಡುತ್ತ ಮಾಡುವ ಕೆಲಸ ಎಂದರೆ ಇದೇ ಅಲ್ಲವೆ? ಸಾಫ್ಟ್‌ವೇರಿನವರು ಹುಟ್ಟುವ ಮೊದಲಿಂದಲೂ ನಮ್ಮ ಗ್ರಾಮ ಲೆಕ್ಕಿಗರು, ಪೋಸ್ಟ್‌ಮ್ಯಾನುಗಳು, ದಾದಿಯರು ಕಚೇರಿಯ ಹೊರಗೇ ಕೆಲಸ ಮಾಡುತ್ತ ಬಂದವರು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ದೇಶದ ಅತ್ಯಂತ ಯಶಸ್ವೀ ಓಡಾಡುವ ಯಂತ್ರ ಯಾವುದು ಹೇಳಿ? ಮತಯಂತ್ರ! ಅದನ್ನು ತಯಾರಿಸಿದ್ದು ಇಬ್ಬರೇ. ಒಬ್ಬರು ನಮ್ಮ ಬಸ್‌ಸ್ಟಾಪಿನ ಇಸಿಐಎಲ್, ಇನ್ನೊಬ್ಬರು ಸಿಂಪ್ಯೂಟರು ತಯಾರಿಸಿದ ಅದೇ ಬಿಇಎಲ್. 1982ರಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗವಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಿಗೂ ಹೋಯಿತು. ಬ್ಯಾಟರಿಯಲ್ಲಿ ನಡೆಯುತ್ತದೆ, ದೋಣಿಯಲ್ಲಿ, ಕತ್ತೆಯ ಬೆನ್ನಿನ ಮೇಲೆ ಎಲ್ಲಿ ಬೇಕಾದರೂ ಹೋಗುತ್ತದೆ. ಆದರೆ ಒಂದೇ ಕೆಲಸ ಮಾಡುತ್ತದೆ. ಬಸ್ ಕಂಡಕ್ಟರ ಟಿಕೆಟ್ ಯಂತ್ರವೂ ಹಾಗೆಯೇ. 2007ರ ಹೊತ್ತಿಗೆ ವಾರಂಗಲ್ ಸೀಮೆಯ ಹಳ್ಳಿಗಳಲ್ಲಿ ಬೆರಳಚ್ಚು ನೋಡಿ ಪಿಂಚಣಿ ಹಣ, ಉದ್ಯೋಗ ಖಾತರಿ ಕೂಲಿ ಕೊಡುವ ಕೈಯಂತ್ರಗಳು ಬಂದವು, ಅವೂ ಹಾಗೆಯೇ. ಎಲ್ಲ ಕೆಲಸ ಮಾಡುವ ಅಗ್ಗದ ಯಂತ್ರ ಸೋತಿತು, ಒಂದೇ ಕೆಲಸ ಮಾಡುವ ಯಂತ್ರಗಳು ಉಳಿದವು. ಯಾಕೆಂದರೆ ಒಂದು ಕೆಲಸದ ಯಂತ್ರಕ್ಕೆ ದುಡ್ಡು ಕೊಡುವ ಇಲಾಖೆ ಯಾವುದೆಂದು ಮೊದಲೇ ಗೊತ್ತಿರುತ್ತದೆ!

ಮುಂದಿನ ಕೆಲವು ವರ್ಷ ಅಗ್ಗದ ಗಣಕದ ಸುಗ್ಗಿ. 2005ರ ಮೇ ತಿಂಗಳಲ್ಲಿ ಎನ್‌ಕೋರ್‌ನವರೇ ‘ಮೊಬಿಲಿಸ್’ ತಂದರು. ಸುರುಳಿ ಸುತ್ತಿ ಇಡಬಹುದಾದ ಕೀಲಿಮಣೆ, ಬೆಲೆ 10,000 ರೂಪಾಯಿ. ಬಿಡುಗಡೆ ಮಾಡಿದವರು ಆಗ ವಿಜ್ಞಾನ ಮತ್ತು ತಂತ್ರಜ್ಞಾನ ಖಾತೆಯಲ್ಲಿದ್ದ ಮಂತ್ರಿ ಕಪಿಲ್ ಸಿಬಲ್. ಹೆಸರು ನೆನಪಿರಲಿ. ಅದೇ ವರ್ಷ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ ‘ಮಗುವಿಗೊಂದು ಲ್ಯಾಪ್‌ಟಾಪು’ ಎಂದು ಹೊರಟರು. ನೂರು ಡಾಲರಿನ ಯಂತ್ರ, ಕರೆಂಟಿಲ್ಲದ ಊರಿನಲ್ಲಿ ಕೈಯಿಂದ ತಿರುವಿ ಚಾರ್ಜು ಮಾಡಬಹುದು ಎಂಬ ಭರವಸೆ. ಟ್ಯೂನಿಸ್ ನಗರದಲ್ಲಿ ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಅವರ ಎದುರೇ ಆ ಹಿಡಿಕೆ ಕಿತ್ತು ಬಂತು. ಬೆಲೆಯೂ ನೂರಕ್ಕೆ ನಿಲ್ಲದೆ ಇನ್ನೂರರ ಹತ್ತಿರ ಹೋಯಿತು. ಭಾರತ ಸರ್ಕಾರದ ಶಿಕ್ಷಣ ಇಲಾಖೆ 2006ರಲ್ಲೇ ‘ನಮಗೆ ಬೇಡ’ ಎಂದಿತು. ನಾವೇ ಮಾಡಿಕೊಳ್ಳುತ್ತೇವೆ, ಅದೂ ಹತ್ತು ಡಾಲರಿಗೆ, ಎಂಬ ಮಾತು ಹುಟ್ಟಿಕೊಂಡಿತು.

ಆ ಹತ್ತು ಡಾಲರಿನ ಯಂತ್ರ ‘ಸಾಕ್ಷಾತ್’ ಅನಾವರಣಗೊಂಡದ್ದು ತಿರುಪತಿಯಲ್ಲಿ, 2009ರ ಫೆಬ್ರುವರಿ 3ರಂದು. ಜಗತ್ತಿನ ಪತ್ರಿಕೆಗಳೆಲ್ಲ ಕಾದು ಕುಳಿತಿದ್ದವು. ಪೆಟ್ಟಿಗೆ ಬಿಚ್ಚಿದರೆ ಅದರಲ್ಲಿ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಪಾಠಗಳನ್ನು ತುಂಬಿಟ್ಟುಕೊಳ್ಳುವ ಒಂದು ಸಾಧನ ಅದು, ಲ್ಯಾಪ್‌ಟಾಪಲ್ಲ! ಬೆಟ್ಟ ಹತ್ತಿ ಹೋದವರಿಗೆ ಲಡ್ಡು ಇಲ್ಲ, ಲಡ್ಡು ಕಟ್ಟುವ ಕಾಗದ ಕೈಗೆ ಕೊಟ್ಟಂತಾಯಿತು.

ಸರ್ಕಾರಗಳು ಹೀಗೆ ಹೆಣಗಾಡುತ್ತಿದ್ದಾಗ ತೈವಾನಿನ ಏಸುಸ್ ಕಂಪನಿ ಸದ್ದಿಲ್ಲದೆ 2007ರ ಕೊನೆಯಲ್ಲಿ ಏಳು ಇಂಚಿನ ‘ಈ ಪಿಸಿ’ ಬಿಟ್ಟಿತು. ಒಂದು ಕಿಲೋ ಒಳಗೆ ತೂಕ. ನಮ್ಮ ಎಚ್‌ಸಿಎಲ್ 2008ರ ಜನವರಿಯಲ್ಲಿ ‘ಮೈಲೀಪ್’ ತಂದಿತು, 13,990 ರೂಪಾಯಿಯಿಂದ. ನೆಟ್‌ಬುಕ್ ಎಂಬ ಹೊಸ ಪದ ಎಲ್ಲರ ಬಾಯಿಗೆ ಬಂತು. ನಾನೂ ಆಗ ಯಾವುದೋ ಕಂಪನಿಯ ಒಂದು ನೆಟ್‌ಬುಕ್ ಕೊಂಡೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮವೊಂದರ ವರದಿಯನ್ನು ಅಲ್ಲೇ ಹಿಂದಿನ ಸಾಲಿನಲ್ಲಿ ಕೂತು ಟೈಪು ಮಾಡಹೋಗಿ, ಅಷ್ಟು ಚಿಕ್ಕ ಕೀಲಿಗಳ ಮೇಲೆ ಬೆರಳು ತಡವರಿಸಿ ‘ಅಧ್ಯಕ್ಷರ ಭಾಷಣ’ ಎಂಬುದು ‘ಅಧ್ಯಕ್ಷರ ಭೂಷಣ’ ಆಗಿ ಕಳಿಸಿಬಿಟ್ಟೆ. ಅಧ್ಯಕ್ಷರೇನೋ ಸಂತೋಷಪಟ್ಟರು. ಮೂರು ನಾಲ್ಕು ವರ್ಷದಲ್ಲಿ ಟ್ಯಾಬ್ಲೆಟ್ಟುಗಳು ಬಂದು ನೆಟ್‌ಬುಕ್ಕೂ ಮೂಲೆಗೆ ಸೇರಿತು.

ಈಗ ಮತ್ತೆ ನಮ್ಮೂರು. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಬಿಡುಗಡೆ ಮಾಡಿದವರು ಮತ್ತೆ ಕಪಿಲ್ ಸಿಬಲ್, ಈ ಸಲ ಮಾನವ ಸಂಪನ್ಮೂಲ ಮಂತ್ರಿಯಾಗಿ. ಸರ್ಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ, ವಿದ್ಯಾರ್ಥಿಗೆ ಇನ್ನೂ ಕಡಿಮೆ. ಯೋಜನೆ ನಡೆಸಿದ್ದು ಐಐಟಿ ರಾಜಸ್ಥಾನ, ಗುತ್ತಿಗೆ ಪಡೆದದ್ದು ಡಾಟಾವಿಂಡ್ ಎಂಬ ಕಂಪನಿ, ಮೊದಲ ಆಕಾಶ್‌ಗಳನ್ನು ಜೋಡಿಸಿದ್ದು ಹೈದರಾಬಾದಿನ ಕ್ವಾಡ್ ಎಂಬ ಸಂಸ್ಥೆ. ಟಿಡಿಸಿ-12 ಹೊರಟ ಊರಿನಿಂದಲೇ ಜಗತ್ತಿನ ಅತ್ಯಂತ ಅಗ್ಗದ ಟ್ಯಾಬ್ಲೆಟ್ ಎಂಬ ಬಿರುದಿನ ಯಂತ್ರ ಹೊರಟಿತು. ಅಂದು ಇಲ್ಲಿಯ ಪತ್ರಿಕೆಗಳನ್ನು ಓದಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ.

ಯಂತ್ರ ಕೈಗೆ ಬಂದ ಮೇಲೆ ಹೆಮ್ಮೆ ಸ್ವಲ್ಪ ಇಳಿಯಿತು. 366 ಮೆಗಾಹರ್ಟ್ಸ್ ಚಿಪ್ಪು, 256 ಎಂಬಿ ಸ್ಮೃತಿ, ಬೆರಳಿನಿಂದ ಒತ್ತಿ ಒತ್ತಿ ಹೇಳಬೇಕಾದ ಪರದೆ, ಮೂರು ಗಂಟೆಯೂ ಬಾಳದ ಬ್ಯಾಟರಿ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ಅದರೊಳಗಿದ್ದದ್ದು ಆಂಡ್ರಾಯ್ಡ್ 2.2. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ತೆಲುಗೂ ಬರುತ್ತಿರಲಿಲ್ಲ. ಕನ್ನಡ ಪತ್ರಿಕೆಯ ಪುಟ ತೆರೆದರೆ ಸಾಲು ಸಾಲು ಖಾಲಿ ಚೌಕಗಳು! ಒಪೆರಾ ಮಿನಿ ಹಾಕಿಕೊಂಡು, ಅದರ ಗುಪ್ತ ಪುಟದಲ್ಲಿ ಏನನ್ನೋ ತಿದ್ದಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದುವ ಉಪಾಯವನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದೆವು. ಆಂಡ್ರಾಯ್ಡ್ ಕನ್ನಡ ಕಲಿತದ್ದು 2012ರಲ್ಲಿ ಬಂದ 4.1ನೇ ಆವೃತ್ತಿಯಲ್ಲಿ. ಹತ್ತು ವರ್ಷದ ಹಿಂದೆಯೇ ಬೆಂಗಳೂರಿನ ಪೆಟ್ಟಿಗೆ ಕನ್ನಡವನ್ನು ಬಾಯಿಬಿಟ್ಟು ಓದುತ್ತಿತ್ತು. ಅದಕ್ಕಿಂತ ಎಷ್ಟೋ ಅಗ್ಗದ ಯಂತ್ರ ಅದರ ನಂತರ ಬಂದು, ಕನ್ನಡವನ್ನು ತೋರಿಸಲೂ ಆಗದೆ ಕೂತಿತ್ತು. ಬೆಲೆ ಇಳಿಸುವ ಅವಸರದಲ್ಲಿ ಏನನ್ನು ಕೆಳಗಿಳಿಸಿ ಬಂದೆವು ಎಂದು ಆ ಯೋಜನೆಯಲ್ಲಿ ಯಾರಾದರೂ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಆಮೇಲೆ ಜಗಳಗಳು. ಜೋರು ಮಳೆಯಲ್ಲೂ ಕೆಡಬಾರದು ಎಂಬಂಥ ಪರೀಕ್ಷೆಗಳನ್ನು ನಡುವೆ ತಂದರೆಂದು ಡಾಟಾವಿಂಡ್‌ನವರ ದೂರು. ಡಾಟಾವಿಂಡ್‌ಗೂ ಹೈದರಾಬಾದಿನ ಕ್ವಾಡ್‌ಗೂ ಕೊಡು-ಕೊಳ್ಳುವ ವಿಷಯದಲ್ಲಿ ತಕರಾರು. ಯೋಜನೆ 2012ರಲ್ಲಿ ಐಐಟಿ ಮುಂಬಯಿಗೆ ಹೋಯಿತು. ಅದೇ ನವೆಂಬರಿನಲ್ಲಿ ಬಂದ ‘ಆಕಾಶ್-2’ ಮೊದಲಿನದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ವಿಶ್ವಸಂಸ್ಥೆಯಲ್ಲೂ ಪ್ರದರ್ಶನ ಕಂಡಿತು. ಆದರೆ ಅದರ ಬಿಡಿಭಾಗಗಳೆಲ್ಲ ಚೀನಾದವು ಎಂಬ ಗದ್ದಲ ಬೇರೆ ಎದ್ದಿತು. ಆ ಹೊತ್ತಿಗೆ ಅದೇ ಆಸುಪಾಸಿನ ಬೆಲೆಗೆ ಪೇಟೆಯಲ್ಲಿ ಹತ್ತು ತರದ ಟ್ಯಾಬ್ಲೆಟ್ಟು ಸಿಗತೊಡಗಿದ್ದರಿಂದ ಆಕಾಶ್ ಬೇಕೆನ್ನುವವರೇ ಇಲ್ಲವಾದರು.

ಇಷ್ಟೆಲ್ಲ ಆದರೂ ಮನೆಯಿಂದ ಕೆಲಸ ಮಾಡುವುದು ಯಾಕೆ ಶುರುವಾಗಲಿಲ್ಲ ಎಂದು ನೀವು ಕೇಳಬಹುದು. ಯಂತ್ರದ ಬೆಲೆ ಮಾತ್ರ ಅಡ್ಡಿಯಾಗಿರಲಿಲ್ಲ, ಕಾಯಿದೆಯೂ ಅಡ್ಡಿಯಾಗಿತ್ತು. ಕಾಲ್‌ಸೆಂಟರು, ಬಿಪಿಓ ಕಂಪನಿಗಳು ದೂರಸಂಪರ್ಕ ಇಲಾಖೆಯ ಪಟ್ಟಿಯಲ್ಲಿ ‘ಇತರ ಸೇವಾದಾರರು’. ಅವರು ನೌಕರರನ್ನು ಮನೆಯಿಂದ ಕೆಲಸ ಮಾಡಿಸಬೇಕೆಂದರೆ ಇಲಾಖೆಯ ಅನುಮತಿ ಬೇಕು, ಒಂದು ಕೋಟಿ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಬೇಕು. ಹದಿನೈದು ಸಾವಿರದ ಲ್ಯಾಪ್‌ಟಾಪಿಗೆ ಕೋಟಿಯ ಜಾಮೀನು! ಹಾಗಾಗಿ ರಾತ್ರಿ ಎರಡು ಗಂಟೆಗೆ ಕ್ಯಾಬುಗಳು ಕುಕಟ್‌ಪಲ್ಲಿಯಿಂದ ಮಾಧಾಪುರಕ್ಕೆ ಜನರನ್ನು ಹೊತ್ತು ಓಡಾಡಿದವು.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಆ ನಿಯಮವನ್ನು ಸಡಿಲಿಸಿದರು. ಅದೇ ನವೆಂಬರಿನಲ್ಲಿ ಹೊಸ ನಿಯಮ ಬಂದು ಗ್ಯಾರಂಟಿಯ ಗೋಳು ಹೋಯಿತು. ಆದರೆ ಮಾರ್ಚಿನ ಆ ವಾರವನ್ನು ಈ ಊರಿನಲ್ಲಿದ್ದವರು ಮರೆಯಲಾರರು. ಎಲ್ಲರಿಗೂ ಲ್ಯಾಪ್‌ಟಾಪು ಎಲ್ಲಿಂದ ಬರಬೇಕು? ಕಚೇರಿಯ ಮೇಜಿನ ಗಣಕವನ್ನೇ ತಂತಿ ಸಮೇತ ಕಿತ್ತು ಮನೆಗೆ ಒಯ್ದರು. ನಮ್ಮ ಬೀದಿಯ ಹುಡುಗನೊಬ್ಬ, ಹುಮನಾಬಾದಿನ ಕಡೆಯವನು, ಸ್ಕೂಟರಿನ ಮುಂದೆ ಸಿಪಿಯು ಇಟ್ಟುಕೊಂಡು, ಹಿಂದೆ ಕೂತ ಗೆಳೆಯನ ತೊಡೆಯ ಮೇಲೆ ಮಾನಿಟರು ಇಟ್ಟು ತಂದ. ‘ಇದ್ಯಾವ ಲ್ಯಾಪ್‌ಟಾಪೋ ತಮ್ಮಾ’ ಎಂದು ಕೇಳಿದೆ. ‘ಲ್ಯಾಪಿನ ಮ್ಯಾಲೇ ಐತಲ್ರೀ ಅಂಕಲ್’ ಅಂದ.

ಆಮೇಲೆ ಅವನು ಊರಿಗೆ ಹೋದ. ಬೀದರ, ಕಲಬುರಗಿ, ರಾಯಚೂರು ಕಡೆಯ ಎಷ್ಟೋ ಹುಡುಗ ಹುಡುಗಿಯರು ಹಾಗೆಯೇ ಹೋದರು. ಇಲ್ಲಿಂದ ನಾಲ್ಕೈದು ಗಂಟೆಯ ದಾರಿ. ಮಾಳಿಗೆಯ ಮೇಲೆ ಸಿಗ್ನಲ್ಲು ಚೆನ್ನಾಗಿ ಬರುತ್ತದೆಂದು ಅಲ್ಲೇ ಚಾದರ ಕಟ್ಟಿಕೊಂಡು ಕೂತವರಿದ್ದರು. ಅಮೆರಿಕದ ಗಿರಾಕಿಯ ಜೊತೆ ಮಾತಾಡುವಾಗ ಹಿಂದೆ ಎಮ್ಮೆ ಕೂಗಿದ್ದನ್ನು ‘ಕಚೇರಿಯ ಹೊರಗೆ ಟ್ರಾಫಿಕ್ಕು’ ಎಂದು ಹೇಳಿ ಪಾರಾದವರೂ ಇದ್ದರು. ಇತ್ತ ಮಕ್ಕಳ ಪಾಠವೂ ಪರದೆಗೆ ಬಂತು. ಒಂದೇ ಲ್ಯಾಪ್‌ಟಾಪು, ಬೆಳಿಗ್ಗೆ ಅಣ್ಣನಿಗೆ, ಮಧ್ಯಾಹ್ನ ತಂಗಿಗೆ, ರಾತ್ರಿ ಅಪ್ಪನಿಗೆ. ಇಪ್ಪತ್ತು ವರ್ಷದ ಹಿಂದೆ ಆ ಪ್ರಾಧ್ಯಾಪಕರು ಊರಿಗೊಂದು ಯಂತ್ರ ಎಂದಿದ್ದರಲ್ಲ, ಅದು ಮನೆಗೊಂದರ ಲೆಕ್ಕದಲ್ಲಿ ನಿಜವಾಯಿತು, ಕಾರ್ಡಿನ ಕಿಂಡಿಯೊಂದಿಲ್ಲ ಅಷ್ಟೆ.

ಹೊಸದರಲ್ಲಿ ಅಗ್ಗದ್ದು ಬೇಕೆನ್ನುವವರಿಗೆ 2023ರ ಆಗಸ್ಟಿನಲ್ಲಿ ಜಿಯೋದವರ ‘ಜಿಯೋಬುಕ್’ ಬಂತು, 16,499 ರೂಪಾಯಿಗೆ, 990 ಗ್ರಾಂ ತೂಕ. ಅದೇ ತಿಂಗಳ 3ರಂದು ಸರ್ಕಾರ ಲ್ಯಾಪ್‌ಟಾಪು ಆಮದಿಗೆ ಪರವಾನಗಿ ಕಡ್ಡಾಯ ಎಂದು ಆಜ್ಞೆ ಹೊರಡಿಸಿ, ಗಲಾಟೆಯಾದ ಮೇಲೆ ಮುಂದೂಡಿತು. ನವೆಂಬರಿನಿಂದ ಬಿಗಿ ಸ್ವಲ್ಪ ಕಡಿಮೆಯಿದ್ದ ಬೇರೊಂದು ವ್ಯವಸ್ಥೆ ಬಂತು.

ಆದರೆ ಮಲ್ಕಾಜ್‌ಗಿರಿಯ ಕೇಳುಗರ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ, ಚಿನಾಯ್ ಟ್ರೇಡ್ ಸೆಂಟರಿನಲ್ಲಿ. ನಮ್ಮೆಲ್ಲರ ಬಾಯಲ್ಲಿ ಅದು ಸಿಟಿಸಿ. ಹೈಟೆಕ್ ಸಿಟಿಯ ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಇಂಥ ಅಂಗಡಿಗಳಿಗೆ ಬಂದು ಬೀಳುತ್ತವೆ. ಅಂಗಡಿಯವರು ಒರೆಸಿ, ಹೊಸ ಬ್ಯಾಟರಿ ಹಾಕಿ, ಸ್ಮೃತಿ ಹೆಚ್ಚಿಸಿ ಜೋಡಿಸಿಡುತ್ತಾರೆ. ಯಾವ ಮಂತ್ರಿಯೂ ಬಿಡುಗಡೆ ಮಾಡಿಲ್ಲ, ಯಾವ ಪತ್ರಿಕೆಯೂ ಬರೆದಿಲ್ಲ. ಆದರೆ ನಮ್ಮ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಬಂದ ಮೊದಲ ಲ್ಯಾಪ್‌ಟಾಪು ಅಂಥದ್ದೇ. ನನ್ನದೂ ಅಲ್ಲಿಯದ್ದೇ. ಈ ಲೇಖನ ಬರೆದದ್ದೂ ಅದರಲ್ಲೇ. ಹಿಂದಿನ ಯಜಮಾನರ ಕಂಪನಿ ಅಂಟಿಸಿದ್ದ ಚೀಟಿಯ ಗುರುತು ಮುಚ್ಚಳದ ಮೇಲೆ ಇನ್ನೂ ಇದೆ, ‘ಎಫ್’ ಕೀಲಿ ಸವೆದುಹೋಗಿದೆ. ಕನ್ನಡ ಟೈಪು ಮಾಡುವಾಗ ಒತ್ತಕ್ಷರಕ್ಕೆ ಆ ಕೀಲಿಯೇ ಬೇಕು, ಹಾಗಾಗಿ ಮುಂದಿನ ಶನಿವಾರ ಕೀಲಿಮಣೆ ಬದಲಾಯಿಸಲು ಮತ್ತೆ ಪಾರ್ಕ್‌ಲೇನಿಗೆ ಹೋಗಬೇಕು. ಇಸಿಐಎಲ್ ಕಡೆಯಿಂದ ಬರುವವರು ಯಾರಾದರೂ ಇದ್ದರೆ ಹೇಳಿ, ಜೊತೆಗೆ ಹೋಗೋಣ.